ತೂತಿಲ್ಲದ ಗುಂಡಿಗಳು

ಅಪ್ಪ ಅತ್ತ ತಿರುಗಿ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದ. ಅಷ್ಟರಲ್ಲಿ ಮಗಳು ಪಿಟೀಲು ತನ್ನ ಅಂಗೈಯಲ್ಲಿದ್ದ ಮಾತ್ರೆಗಳಿಂದ ಬಿಳಿಯದೊಂದನ್ನು ಹೆಕ್ಕಿ ಗುಂಡಿ ಡಬ್ಬಕ್ಕೆ ಹಾಕಿದಳು. ಷರ್ಟಿನ ಬಿಳಿ ಗುಂಡಿಗಳ ನಡುವೆ ಅದು ಗುರುತು ಸಿಗದಂತೆ ಸೇರಿಕೊಂಡಿತು. ಉಳಿದವನ್ನು ನೀರಿನ ಲೋಟದ ಜೊತೆ ಅಪ್ಪನ ಮುಂದೆ ಹಿಡಿದಳು. ಅಪ್ಪ ನೋಡದೆ ಬಾಯಿಗೆ ಹಾಕಿಕೊಂಡ.

ಚಿಕ್ಕವಳಿದ್ದಾಗ ಸದಾ ಕುಂಯ್ ಕುಂಯ್ ಅಂತ ಅಳುತ್ತಿದ್ದಳಂತೆ. ಅದಕ್ಕೇ ಅಪ್ಪ ಪಿಟೀಲು ಅಂತ ಕರೆದ. ಐದನೇ ಕ್ಲಾಸಿಗೆ ಬಂದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಪ್ಪನ ಟೈಲರ್ ಅಂಗಡಿ. ಅಮ್ಮ ಕೆಲಸದಿಂದ ಬರುವುದು ಕತ್ತಲಾದ ಮೇಲೆ. ಹಾಗಾಗಿ ಸಂಜೆಯ ಮಾತ್ರೆ ಪಿಟೀಲಿನ ಜವಾಬ್ದಾರಿ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿದ್ದನ್ನು ಅವಳು ಕಿವಿಯಾರೆ ಕೇಳಿದ್ದಳು. ಬಿಳಿ ಮಾತ್ರೆ ಅಪ್ಪನ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದಂತೆ. ಆದರೆ ಸೈನ್ಸ್ ಮಿಸ್ ಪಾಠ ಮಾಡಿದ್ದೇ ಬೇರೆ. ರೋಗ ಬಾರದಂತೆ ಕಾಯುವ ಶಕ್ತಿ ಅದು, ಚೆನ್ನಾಗಿ ಬೆಳೆಸಿಕೊಳ್ಳಬೇಕು ಎಂದಿದ್ದರು. ಮೊದಲೇ ಸುಸ್ತಾಗಿರುವ ಅಪ್ಪನಿಂದ ಇದ್ದ ಶಕ್ತಿಯನ್ನೂ ಕಿತ್ತುಕೊಳ್ಳುವುದೇ? ಡಾಕ್ಟರಮ್ಮ ಎಲ್ಲೋ ಎಡವಿದ್ದಾರೆ ಎಂದುಕೊಂಡಳು. ಅಂದಿನಿಂದ ದಿನವೂ ಬಿಳಿಯದು ಗುಂಡಿ ಡಬ್ಬ ಸೇರುತ್ತಿತ್ತು.

ಬರಬರುತ್ತಾ ಅಪ್ಪನ ಬೆರಳುಗಳು ಊದಿಕೊಂಡವು. ಸೂಜಿಗೆ ದಾರ ಪೋಣಿಸಲು ಅವಳನ್ನು ಕರೆಯತೊಡಗಿದ. "ಪಿಟೀಲೇ, ಬಾ, ತಂತಿ ಏರಿಸು" ಎಂದು ನಗಿಸುತ್ತಿದ್ದ. ಶಕ್ತಿ ಬರುವುದಕ್ಕೆ ಸ್ವಲ್ಪ ಟೈಮ್ ಬೇಕೇನೋ ಎಂದು ಅವಳು ಕಾದಳು.

ಒಂದು ಬೆಳಿಗ್ಗೆ ಅಪ್ಪ ಹಾಸಿಗೆಯಿಂದ ಏಳಲು ಹೋಗಿ, ಗೋಡೆ ಹಿಡಿದುಕೊಂಡೇ ಕುಸಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಮಾತ್ರೆ ತಪ್ಪಿಸಿದಿರಾ ಎಂದು ಕೆದಕಿ ಕೆದಕಿ ಕೇಳಿದರು.

"ಒಂದೂ ತಪ್ಪಿಲ್ಲ" ಎಂದಳು ಅಮ್ಮ. "ನನ್ನ ಮಗಳೇ ಕೈಯಾರೆ ಕೊಡ್ತಾಳೆ."

ಹಾಗಾದರೆ ಈ ಮಾತ್ರೆ ನಾಟುತ್ತಿಲ್ಲ, ಇನ್ನೂ ಜೋರಾದ ಔಷಧಿ ಕೊಡಬೇಕಾಗುತ್ತದೆ ಎಂದರು ಡಾಕ್ಟರಮ್ಮ. ಅದು ಅಪ್ಪನಲ್ಲಿ ಉಳಿದ ಶಕ್ತಿಯನ್ನೂ ಕಿತ್ತುಕೊಂಡರೆ ಎಂದು ಪಿಟೀಲು ಹೆದರಿದಳು.

ಮರುದಿನ ಅವಳು ಗುಂಡಿ ಡಬ್ಬವನ್ನು ಸ್ಕೂಲ್ ಬ್ಯಾಗಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಬಂದಳು. ಮುಚ್ಚಳ ತೆಗೆದು ಅಪ್ಪನ ಮಂಚದ ಮೇಲಿಟ್ಟಳು. ಅಪ್ಪ ಊದಿದ ಬೆರಳಿನಿಂದ ಗುಂಡಿಗಳನ್ನು ಸರಿಸಿದ. ಕೆಲವಕ್ಕೆ ತೂತಿರಲಿಲ್ಲ.

ಮಿಸ್ ಹೇಳಿದ್ದು, ತಾನು ಅಂದುಕೊಂಡಿದ್ದು, ಎಲ್ಲವನ್ನೂ ಅವಳು ಹೇಳಿದಳು. ಅಮ್ಮ ಬೈಯಲೂ ಆಗದೆ ಕಿಟಕಿಯ ಕಡೆ ತಿರುಗಿ ನಿಂತಳು. ಅಪ್ಪ ಅವಳನ್ನು ಹತ್ತಿರ ಕೂರಿಸಿಕೊಂಡ.

"ನನ್ನ ಕತ್ತರೀಲಿ ಪೇಪರ್ ಕತ್ತರಿಸಿದ್ರೆ ಯಾಕೆ ಬೈತೀನಿ ಹೇಳು?"

"ಮೊಂಡಾಗುತ್ತೆ ಅಂತ."

"ನನ್ನೊಳಗೂ ಒಂದು ಕತ್ತರಿ ಇದೆ ಕಣೇ. ಹೊರಗಿಂದ ಬರೋ ರೋಗ ಕತ್ತರಿಸೋಕೆ. ಅದೀಗ ದಿಕ್ಕು ತಪ್ಪಿ, ಹೊಲಿದಿಟ್ಟಿದ್ದನ್ನೇ ಕತ್ತರಿಸ್ತಿದೆ. ಕೀಲು, ಕಿಡ್ನಿ, ಎಲ್ಲ. ಅದನ್ನ ಸ್ವಲ್ಪ ಮೊಂಡು ಮಾಡೋಕೇ ಆ ಮಾತ್ರೆ."

"ಹಾಗಾದ್ರೆ ಮಿಸ್ ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ. ಅವರು ಒಳ್ಳೇ ಕತ್ತರಿ ಬಗ್ಗೆ ಹೇಳಿದ್ರು."

ಅಪ್ಪನೇ ಡಾಕ್ಟರಮ್ಮನಿಗೆ ಡಬ್ಬ ತೋರಿಸಿದ. ಅವರು ಅವಳ ತಲೆ ಮೇಲೆ ಕೈಯಿಟ್ಟರು, ಬೈಯಲಿಲ್ಲ. ಜೋರಾದ ಔಷಧಿ ಸದ್ಯಕ್ಕೆ ಬೇಡ, ಬಿಳಿ ಮಾತ್ರೆಯನ್ನೇ ಮತ್ತೆ ಶುರು ಮಾಡೋಣ ಎಂದರು. ಕಿಡ್ನಿ ಸುಧಾರಿಸಬಹುದು, ಬೆರಳುಗಳು ಮೊದಲಿನ ಹಾಗೆ ಬಗ್ಗುತ್ತವೆಂದು ಮಾತ್ರ ಮಾತು ಕೊಡಲಾರೆ ಎಂದರು.

ಮನೆಗೆ ಬಂದ ದಿನ ಅಪ್ಪ ಮೊಳೆಗೆ ತೂಗುಹಾಕಿದ್ದ ಕತ್ತರಿಯನ್ನು ಎರಡೂ ಕೈಯಿಂದ ಇಳಿಸಿದ. ಹೆಬ್ಬೆರಳು ಅದರ ಹಿಡಿಯೊಳಗೆ ಹೋಗಲಿಲ್ಲ. ಮತ್ತೊಮ್ಮೆ ತೂರಿಸಿ ನೋಡಿದ. ಆಮೇಲೆ ಅದನ್ನು ತಂದು ಅವಳು ಸ್ಕೂಲಿಗೆಂದು ಹರಡಿಕೊಂಡಿದ್ದ ಚಾರ್ಟ್ ಪೇಪರಿನ ಪಕ್ಕದಲ್ಲಿಟ್ಟ.

"ತಗೋ, ಇನ್ಮೇಲೆ ನೀನೇ ಇಟ್ಕೋ. ಪೇಪರ್ ಕತ್ತರಿಸಿದ್ರೂ ಪರವಾಗಿಲ್ಲ."

ಎಷ್ಟು ಸಲ ಕಾಡಿ ಬೇಡಿ ಬೈಸಿಕೊಂಡ ಕತ್ತರಿ ಅದು. ಪಿಟೀಲು ಅದನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ, ಸ್ಟೂಲ್ ಹತ್ತಿ, ಮತ್ತೆ ಮೊಳೆಗೇ ಹಾಕಿದಳು. ಚಾರ್ಟ್ ಪೇಪರನ್ನು ಮಡಿಸಿ, ಉಗುರಿನಿಂದ ಗೀರಿ, ಕೈಯಿಂದಲೇ ಹರಿದಳು.

ಸಂಜೆ ಮಾತ್ರೆಗಳನ್ನು ಅಂಗೈಯಲ್ಲಿಟ್ಟು ಚಾಚಿದಳು. ಅಪ್ಪ ಈ ಸಲವೂ ನೋಡದೆ ಬಾಯಿಗೆ ಹಾಕಿಕೊಂಡ. ಬಿಳಿಯದು ಗಂಟಲಿಳಿಯುವವರೆಗೂ ಅವಳೇ ನೋಡುತ್ತ ನಿಂತಳು.