ಕೀ ಆನ್ ಇದ್ದಾಗ ಮಾತ್ರ

ಪಿಕಪ್ ಮತ್ತೆ ಹಗ್ಗ ಕಟ್ಟಿಸಿಕೊಂಡು ಬಂತು. ಹಿಂದೆ ಗಿಡದ ಕುಂಡಗಳು, ಮುಂದೆ ತಲೆ ತಗ್ಗಿಸಿ ಕೂತ ನರ್ಸರಿಯವನು. ಬೆಳಗ್ಗೆ ಬ್ಯಾಟರಿ ಮತ್ತೆ ಕೈ ಕೊಟ್ಟಿತ್ತು.

ಆ ಗಾಡಿಗೆ ಡ್ಯಾಶ್ ಕ್ಯಾಮೆರಾ, ಮ್ಯೂಸಿಕ್ ಸಿಸ್ಟಂ ಕೂರಿಸಿದವಳು ವರ್ಕ್‌ಶಾಪಿನ ವೈರಿಂಗ್ ಕೆಲಸದ ಅವಳು. ಹಾಗಾಗಿ ವರ್ಕ್‌ಶಾಪಿನಲ್ಲಿದ್ದವರೆಲ್ಲ ಗಾಡಿಯನ್ನು ಬಿಟ್ಟು ಅವಳನ್ನೇ ನೋಡಿದರು.

“ವೈರ್ ನೇರ ಬ್ಯಾಟರಿಯಿಂದ ಎಳೆದಿದ್ದೀಯ,” ಎಂದ ಅಣ್ಣ.

“ಇಲ್ಲ. ಕೀ ತಿರುಗಿಸಿದರೆ ಮಾತ್ರ ಕರೆಂಟ್ ಬರೋ ಫ್ಯೂಸಿನಿಂದ ತಗೊಂಡಿದ್ದೀನಿ. ಟೆಸ್ಟ್ ಲ್ಯಾಂಪ್ ಹಿಡಿದು ನೋಡೇ ಕೊಟ್ಟಿದ್ದು.”

“ಮತ್ತೆ ಬ್ಯಾಟರಿನ ದೆವ್ವ ಕುಡೀತಾ?”

ನಗಿಸಲು ಹೇಳಿದ್ದಲ್ಲ. ಅಪ್ಪ ಕಟ್ಟಿದ ವರ್ಕ್‌ಶಾಪಿನ ಹೆಸರು ಬೀದಿಗೆ ಬಂತು ಎಂದ ಅಣ್ಣ. ಸೋಮವಾರದಿಂದ ವೈರಿಂಗಿಗೆ ಬೇರೆಯವರನ್ನು ಇಡುತ್ತೇನೆ, ನೀನು ಅತ್ತಿಗೆ ಜೊತೆ ಕೌಂಟರಿನಲ್ಲಿ ಬಿಲ್ ಬರೆದುಕೊಂಡಿರು ಎಂದ.

“ಬರೆಯಲ್ಲ,” ಎಂದಳು ಅವಳು.

ನರ್ಸರಿಯವನು ಏನೋ ಹೇಳಲು ಬಾಯಿ ತೆರೆದವನು ಅಣ್ಣನ ಮುಖ ಕಂಡು ಮುಚ್ಚಿಕೊಂಡ. ಮೀಟರಿನ ಅಂಕಿ ಕೂದಲೆಳೆಯಷ್ಟು ಅಲುಗಿದರೂ ಹಿಡಿಯುವ ಅವಳ ಕಣ್ಣಿಗೆ ಇದೂ ಬಿತ್ತು.

“ರಾತ್ರಿ ಕೀ ಆನ್ ಬಿಟ್ಟಿದ್ರಾ?”

“ಇಲ್ಲ ಮೇಡಂ.” ಕಿವಿ ಮಾತ್ರ ಕೆಂಪಗಾಯಿತು.

ಬ್ಯಾಟರಿ ಚಾರ್ಜ್ ಮಾಡಿ, ಕೀ ತೆಗೆದು, ಬಾಗಿಲೆಲ್ಲ ಮುಚ್ಚಿ, ಬ್ಯಾಟರಿಗೂ ವೈರಿಗೂ ನಡುವೆ ಮೀಟರ್ ಸೇರಿಸಿ ಅವಳು ಕಾದಳು. ಅಂಕಿ ನಿಧಾನವಾಗಿ ಇಳಿದು ನಿಂತಿತು. ಮಲಗಿದ ಗಾಡಿ ಎಷ್ಟು ಕುಡಿಯಬೇಕೋ ಅಷ್ಟೇ ಕುಡಿಯುತ್ತಿತ್ತು. ಅಂದರೆ ಎಂಜಿನ್ ಆಫ್ ಇದ್ದಾಗ ಯಾರೋ ಕೀ ಆನ್ ಇಟ್ಟಿದ್ದಾರೆ. ಅದಕ್ಕೆ ಸಾಕ್ಷಿ ಯಾರು? ಕೀ ಆನ್ ಇದ್ದಾಗ ಮಾತ್ರ ಕಣ್ಣು ಬಿಡುವ ಕ್ಯಾಮೆರಾ. ಅವಳು ಅದರ ಕಾರ್ಡ್ ತೆಗೆದು ಒಳಗಿನ ಕಂಪ್ಯೂಟರಿಗೆ ಹಾಕಿದಳು.

ನಿನ್ನೆ ಸಂಜೆ. ರಸ್ತೆಯ ಆಚೆ ಗಾಡಿ ನಿಂತಿದೆ. ಎಂಜಿನ್ ಸದ್ದು ನಿಂತರೂ ಸಣ್ಣಗೆ ಹಾಡು ಓಡುತ್ತಿದೆ. ಗಾಜಿನಾಚೆ ಇದೇ ವರ್ಕ್‌ಶಾಪ್. ದೀಪದ ಕೆಳಗೆ ಬಾನೆಟ್ಟಿಗೆ ಬಾಗಿ, ಹಲ್ಲಲ್ಲಿ ವೈರ್ ಸುಲಿಯುತ್ತಿರುವ ಒಬ್ಬಳು. ತಾನೇ. ಆಮೇಲೆ ಗಾಡಿಯೊಳಗಿಂದ ನರ್ಸರಿಯವನ ದನಿ:

“ಮೇಡಂ, ಹಾರ್ನ್ ಯಾಕೋ ಸರಿ ಇಲ್ಲ... ಥೂ, ಹಾರ್ನ್ ಸರಿಯಾಗೇ ಇದೆ.” ಮತ್ತೆ ಮೊದಲಿನಿಂದ: “ಮೇಡಂ, ಪುರುಸೊತ್ತಿದ್ರೆ ಒಂದು ಕಾಫಿ...”

ಪರದೆಯಲ್ಲಿ ಅವಳು ತಲೆಯೆತ್ತಿ ರಸ್ತೆಯ ಕಡೆ ನೋಡಿದಳು. “ಅಯ್ಯೋ, ನೋಡಿದ್ರು,” ಎಂದಿತು ದನಿ. ಸ್ಟೇರಿಂಗಿಗೆ ಹಣೆ ಬಡಿದ ಸದ್ದು.

ಮೊನ್ನೆಯೂ ಹೀಗೇ, ಅದರ ಹಿಂದಿನ ಸಂಜೆಯೂ. ನರ್ಸರಿ ಇರುವುದು ಪಕ್ಕದ ತಿರುವಿನಲ್ಲೇ; ಅಷ್ಟು ದೂರ ಓಡಿಸಿದರೆ ಬ್ಯಾಟರಿ ಮತ್ತೆ ತುಂಬುವುದೆಲ್ಲಿ ಬಂತು?

ಮೊದಲು ಸಿಟ್ಟು ಬಂತು. ಆಮೇಲೆ ನಗು. ನಗು ಬಂತಲ್ಲ ಎಂದು ಇನ್ನೊಂದು ಸಿಟ್ಟು.

ಅವನು ಹಳೆ ಟೈರುಗಳ ಮೇಲೆ ಕೂತಿದ್ದ. ಅವಳು ಕಾರ್ಡನ್ನು ಅವನ ಮೂಗಿನ ಮುಂದೆ ಹಿಡಿದಳು.

“ಸುಳ್ಳು ಹೇಳಿದ್ರಿ.”

“ನೀವು ರಾತ್ರಿ ಅಂತ ಕೇಳಿದ್ರಿ. ನಾನು... ಸಂಜೆ.”

“ಜಾಣತನ ಸಾಕು. ನಿಮ್ಮ ನಾಚಿಕೆಗೆ ನನ್ನ ಕೆಲಸ ಹೋಗ್ತಿದೆ.”

ಅವನ ಮುಖ ಸಣ್ಣದಾಯಿತು. ಅವಳು ದನಿ ತಗ್ಗಿಸಿದಳು. “ಇದನ್ನ ಹಾಕಿದ್ರೆ ನನ್ನ ವೈರಿಂಗ್ ಸರಿ ಅಂತ ಎಲ್ಲರಿಗೂ ಗೊತ್ತಾಗುತ್ತೆ. ನಿಮ್ಮ ಮಾನ ಹೋಗುತ್ತೆ. ನನಗೂ ಮನೇಲಿ ಮಾತು ತಪ್ಪಲ್ಲ.”

ಅವನು ಎದ್ದು ನಿಂತ. ಮೊದಲ ಸಲ ಅವಳನ್ನು ಗಾಜಿಲ್ಲದೆ, ನೇರವಾಗಿ ನೋಡಿದ. “ಹಾಕಿ. ಜೋರಾಗೇ ಹಾಕಿ. ತಪ್ಪು ನಂದು.”

ಅವಳು ಎಲ್ಲರನ್ನೂ ಕಂಪ್ಯೂಟರಿನ ಮುಂದೆ ಕರೆದು ಹಾಕಿದಳು. ಹಾರ್ನಿನ ಮಾತು ಬಂದಾಗ ಪೇಂಟಿನವನು ಕಿಸಕ್ಕೆಂದ; ಅತ್ತಿಗೆ ಬಿಲ್ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದಳು. ಅಣ್ಣ ನಗಲಿಲ್ಲ. ಇನ್ನು ಈ ಗಾಡಿ ಈ ಕಡೆ ತಲೆ ಹಾಕಬಾರದು ಎಂದು ನರ್ಸರಿಯವನಿಗೆ ಹೇಳಿ, ಮನೆಗೆ ಹೋಗು ಎಂದು ಇವಳಿಗೆ ಹೇಳಿದ.

ಅವಳು ಅಲ್ಲಾಡಲಿಲ್ಲ.

“ಬೈಯೋದು ಆಮೇಲೆ ಇರಲಿ ಅಣ್ಣ. ಮೊದಲು ಮೀಟರ್ ನೋಡು. ವೈರಿಂಗ್ ಸರಿ ಇದೆ ಅಂತ ಇವರೆಲ್ಲರ ಎದುರು ಹೇಳು. ಕೌಂಟರಿಗೆ ನಾನು ಕೂರಲ್ಲ. ಈ ಗಾಡಿ ಬಂದ್ರೆ ಬಾನೆಟ್ ಎತ್ತೋಳೂ ನಾನೇ.”

ಅಣ್ಣ ಎಷ್ಟಾದರೂ ಕೆಲಸಗಾರ. ಗಾಡಿಯ ಬಳಿ ಹೋಗಿ, ಬಾಗಿ ಅಂಕಿ ನೋಡಿದ. ನಂಬದೆ ಇನ್ನೊಮ್ಮೆ ನೋಡಿದ.

“ವೈರಿಂಗ್ ಸರಿ ಇದೆ,” ಎಂದ, ಹಲ್ಲು ಕೀಳಿಸಿಕೊಂಡವನಂತೆ. “ಉಳಿದದ್ದು ಮನೇಲಿ ಮಾತಾಡ್ತೀನಿ.”

“ಮಾತಾಡು. ನಾನೂ ಮಾತಾಡ್ತೀನಿ.”

ಅವಳು ಮೀಟರ್ ಬಿಚ್ಚಿ ವೈರ್ ಬಿಗಿದಳು. ನರ್ಸರಿಯವನು ಗಾಡಿ ಹತ್ತಿದ. ಅವಳು ಕಿಟಕಿಯ ಮೇಲೆ ಮೊಣಕೈ ಊರಿ ಕೀಯನ್ನು ಅವನ ಅಂಗೈಗೆ ಇಟ್ಟಳು. ಬೆರಳನ್ನು ತೆಗೆಯಲು ಅವಸರ ಮಾಡಲಿಲ್ಲ.

“ನಾಳೆ ಸಂಜೆ ಬಂದ್ರೆ ಗಾಡಿ ಆಫ್ ಮಾಡಿ, ಇಳಿದು, ರಸ್ತೆ ದಾಟಿ ಬನ್ನಿ. ಗಾಜಿನ ಹಿಂದೆ ಕೂತು ನೋಡಿದ್ದು ಸಾಕು.”

“ನಿಮ್ಮಣ್ಣ ಇರ್ತಾರಲ್ಲ?”

“ಇರಲಿ. ಅವನಿಗೂ ಒಂದು ಕಾಫಿ ಹೇಳಿ.”

ಎಂಜಿನ್ ಒಂದೇ ಏಟಿಗೆ ಎದ್ದಿತು. ಗೇಟಿನ ಬಳಿ, ಕೈ ಕಟ್ಟಿ ನಿಂತಿದ್ದ ಅಣ್ಣನ ಪಕ್ಕದಲ್ಲೇ, ನರ್ಸರಿಯವನು ಸ್ಟೇರಿಂಗಿನ ನಡುವೆ ಅಂಗೈ ಒತ್ತಿ ಹಿಡಿದ. ಬೀದಿಯವರೆಲ್ಲ ತಿರುಗಿ ನೋಡಿದರು.

ಹಾರ್ನ್ ಸರಿಯಾಗೇ ಇತ್ತು.