ಅಳಿಸಿದ ಬೊಟ್ಟು

೧೯೫೩ರಲ್ಲಿ ನರ್ಸಿಂಗ್ ಪಾಸು ಮಾಡಿದವಳೇ ಮೈಸೂರಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿಗೆ ಸೇರಿದೆ. ಮೊದಲ ದಿನವೇ, ಜ್ವರದ ಕೂಸೊಂದರ ಮುಖ ಒರೆಸುವಾಗ ಕೆನ್ನೆಯ ಕಾಡಿಗೆ ಬೊಟ್ಟಿನ ಮೇಲೂ ಬಟ್ಟೆ ಇಟ್ಟೆ.

“ಅದನ್ನ ಅಳಿಸ್ಬ್ಯಾಡಿ ಕಣವ್ವ, ಮಗೀಗೆ ದೃಷ್ಟಿ ಆಯ್ತದೆ,” ಎಂದು ಇಲವಾಲದಿಂದ ಬಂದಿದ್ದ ತಾಯಿ ಕೆಂಚಮ್ಮ ನನ್ನ ಕೈ ಹಿಡಿದುಕೊಂಡಳು. ಹೊಸ ಯೂನಿಫಾರಂನ ಜಂಬ ನನಗೆ. ಕೈ ಬಿಡಿಸಿಕೊಂಡು ಪೂರ್ತಿ ಒರೆಸಿದೆ.

ಮಧ್ಯಾಹ್ನ ಕೂಸು ತೀರಿಕೊಂಡಿತು. ಕೆಂಚಮ್ಮ ನನ್ನ ಕೆನ್ನೆಯನ್ನೇ ನೋಡುತ್ತಾ ಕೂಸನ್ನೆತ್ತಿಕೊಂಡು ಹೋದಳು.

ಮರುದಿನ ಆ ಖಾಲಿ ಹಾಸಿಗೆಯ ದಿಂಬಿನ ಮೇಲೆ ಕಾಡಿಗೆ ಬೊಟ್ಟಿತ್ತು. ಬೆರಳಿಟ್ಟರೆ ಜ್ವರದ ಮೈಯ ಹಾಗೆ ಬಿಸಿ. ದಿಂಬಿನ ಗವಸು ಬದಲಿಸಿದೆ; ಸಂಜೆಗೆ ಮತ್ತೆ ಇತ್ತು.

ಒಂಬತ್ತು ವರ್ಷವಾಯಿತು. ಯಾವ ಕೂಸಿನ ಬೊಟ್ಟನ್ನೂ ನಾನೀಗ ಅಳಿಸುವುದಿಲ್ಲ. ನಾನು ಕಾಡಿಗೆ ಹಚ್ಚಿಕೊಳ್ಳುವುದೂ ಇಲ್ಲ. ಆದರೂ ದಿನಾ ಬೆಳಿಗ್ಗೆ ಮುಖ ಒರೆಸಿಕೊಂಡರೆ ಟವಲಿಗೆ ಕಪ್ಪು ಹತ್ತುತ್ತದೆ. ಅದು ಬಿಸಿಯಾಗಿರುತ್ತದೆ.