ಗಾದಿಯ ಬಲ ಅಂಚು

ಕಮರಿಪೇಟೆಯ ಓಣಿಗೆ ಬನ್ನಿ ಹಬ್ಬದ ಸಂಜೆ ಇಳಿಯುವ ರೀತಿಯೇ ಬೇರೆ. ಕಿಸೆಯಲ್ಲಿ, ಸೆರಗಿನ ತುದಿಯಲ್ಲಿ, ಹಿತ್ತಾಳೆ ತಟ್ಟೆಯಲ್ಲಿ ಎಲ್ಲರ ಬಳಿಯೂ ಬನ್ನಿ ಎಲೆ. ಸಣ್ಣವರು ದೊಡ್ಡವರ ಕೈಗೆ ಎಲೆ ಕೊಟ್ಟು ಬಗ್ಗಿ ಕಾಲು ಮುಟ್ಟುತ್ತಾರೆ, ದೊಡ್ಡವರು "ಬಂಗಾರದಂಗ ಇರೂಣು" ಎಂದು ತಲೆಯ ಮೇಲೆ ಕೈಯಿಡುತ್ತಾರೆ. ಗಾಳಿಗೆ ಜೋಳದ ಹೊಲ ಬಗ್ಗಿ ಎದ್ದಂತೆ ಆ ಹೊತ್ತಿನಲ್ಲಿ ಇಡೀ ಓಣಿಯೇ ಬಗ್ಗಿ ಏಳುತ್ತಿರುತ್ತದೆ.

ಬಗ್ಗದೆ ನಿಂತವಳು ರಾಜೇಶ್ವರಿ ಒಬ್ಬಳೇ.

ಎದುರುಮನೆಯ ಶರಣವ್ವ ಇಳಕಲ್ ಸೀರೆಯ ಸೆರಗು ಹೊದ್ದು ಹೊಸ್ತಿಲಿಗೆ ಬಂದಿದ್ದಳು. ಹಿಂದೆ ಮಗ ಶಿವಯೋಗೀಶ. ರಾಜೇಶ್ವರಿ ಎಲೆ ಕೊಟ್ಟಳು, ಕೈ ಜೋಡಿಸಿದಳು. ಅಷ್ಟೇ. ಆಶೀರ್ವಾದಕ್ಕೆಂದು ಎತ್ತಿದ ಶರಣವ್ವನ ಕೈ ಗಾಳಿಯಲ್ಲೇ ಉಳಿಯಿತು.

"ಭಾಳ ದೊಡ್ಡಾಕಿ ಆದಿ ಬಿಡವಾ ರಾಜೀ," ಎಂದಳು ಶರಣವ್ವ, ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡು. "ಕಾಲೇಜಿನಾಗ ನೌಕರಿ ಹತ್ತಿತು, ಬೆನ್ನು ಬಗ್ಗದಂಗ ಆತು."

ರಾಜೇಶ್ವರಿಯ ಸೀರೆಯ ಕೆಳಗೆ ಸೊಂಟದ ಪಟ್ಟಿ ಬಿಗಿದಿತ್ತು. ಅದರ ಕೆಳಗೆ ಇನ್ನೂ ಕೆಂಪಾಗಿದ್ದ ಉದ್ದ ಗಾಯ, ಅದಕ್ಕೂ ಕೆಳಗೆ ಸರಳು, ಸ್ಕ್ರೂ. ಬೆನ್ನುಮೂಳೆಯ ಮಣಿಯೊಂದು ಮುಂದಕ್ಕೆ ಜಾರಿದ್ದನ್ನು ಡಾಕ್ಟರು ಶ್ರಾವಣಕ್ಕೆ ಮೊದಲು ಕೆಳಗಿನ ಮಣಿಯ ಜೊತೆ ಸೇರಿಸಿ ಕೂಡಿಸಿದ್ದರು. ಸದ್ಯಕ್ಕೆ ಬಗ್ಗಬೇಡ, ತಿರುಚಬೇಡ, ಭಾರ ಎತ್ತಬೇಡ ಅಂದಿದ್ದರು ಅವರು. ಹೇಳಬೇಡ ಅಂದವಳು ಅಜ್ಜಿ ದಾನವ್ವ.

"ಬೆನ್ನಾಗ ಕಬ್ಬಿಣ ಐತಿ ಅಂತ ಗೊತ್ತಾದ್ರ ನಮ್ಮ ಹೊಸ್ತಿಲಾ ಯಾರು ತುಳೀತಾರವ್ವಾ? ಸೊಕ್ಕು ಅಂದ್ಕೊಳ್ಳಲಿ. ಸೊಕ್ಕಿನ ಹುಡುಗ್ಯಾರಿಗೆ ಮದಿವಿ ಆಗ್ತಾವು!"

ಶಿವಯೋಗೀಶನ ನೋಟ ಮಾತ್ರ ರಾಜೇಶ್ವರಿಯ ಮುಖದಿಂದ ಇಳಿದು, ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿದ್ದ ಅವಳ ಎಡಗೈಯ ಮೇಲೆ ನಿಂತಿತು. ಮತ್ತೆ ಮೇಲಕ್ಕೆ ಬಂತು. ಬನ್ನಿ ಎಲೆ ಕೊಡುವಾಗ ಅವನ ಬೆರಳು ಬೇಕಾದ್ದಕ್ಕಿಂತ ಒಂದು ಉಸಿರು ಹೆಚ್ಚು ಹೊತ್ತು ಅವಳ ಅಂಗೈಯಲ್ಲಿ ಉಳಿಯಿತು. "ಬಾ ಬೇ, ಇನ್ನೂ ಭಾಳ ಮನಿ ಅದಾವು," ಎಂದು ತಾಯಿಯನ್ನು ಕರೆದುಕೊಂಡು ಹೋದ.

ಅವಳು ಆ ಎಲೆಯನ್ನು ದಿಂಬಿನ ಕೆಳಗಿಟ್ಟಳು. ಅದು ಒಣಗಿದರೂ ತೆಗೆಯಲಿಲ್ಲ.

*

ಅಪ್ಪ, ಅವ್ವ ನವಲಗುಂದದ ಕಡೆ ಹೊಲಮನೆ ನೋಡಿಕೊಂಡಿದ್ದರು. ರಾಜೇಶ್ವರಿ ಸಾಲೆ ಕಲಿಯಲೆಂದು ಸಣ್ಣವಳಿದ್ದಾಗಲೇ ಅಜ್ಜಿಯ ಬಳಿ ಬಂದವಳು. ಆಗ ಎದುರುಮನೆಯವರದು ಅರಳೆ ವ್ಯಾಪಾರ. ನಾಗರಪಂಚಮಿ ಬಂತೆಂದರೆ ಶಿವಯೋಗೀಶನ ಅಪ್ಪ ಗೋದಾಮಿನ ತೊಲೆಗೆ ಜೋಕಾಲಿ ಕಟ್ಟಿಸುತ್ತಿದ್ದರು. ಓಣಿಯ ಹುಡುಗಿಯರೆಲ್ಲ ಅಲ್ಲಿಯೇ.

"ಇನ್ನೂ ಮ್ಯಾಲೆ ತೂಗಲೇ ಯೋಗ್ಯಾ!" ಎಂದು ಕೂಗುತ್ತಿದ್ದವಳು ಅವಳು. ಜೋಕಾಲಿ ತೊಲೆಯ ಎತ್ತರಕ್ಕೆ ಹೋದಾಗ ಹಗ್ಗ ಬಿಟ್ಟು ಅರಳೆಯ ರಾಶಿಯ ಮೇಲೆ ಹಾರುತ್ತಿದ್ದಳು. ಒಂದು ಕ್ಷಣ ಏನೂ ಕಾಣದು, ಬರೀ ಬಿಳುಪು. ಆಮೇಲೆ ಆ ಬಿಳುಪನ್ನು ಸರಿಸಿಕೊಂಡು ಶಿವಯೋಗೀಶನ ಗಾಬರಿಯ ಮುಖ. "ಸತ್ತಿ ಏನು?" "ಇಲ್ಲ. ಮತ್ತೊಮ್ಮೆ!"

ಮನೆಗೆ ಬಂದ ಮೇಲೆ ಅಜ್ಜಿ ಅವಳ ಕೂದಲೊಳಗಿನ ಅರಳೆ ಹೆಕ್ಕುತ್ತ ಕಥೆ ಹೇಳುತ್ತಿದ್ದಳು. ಕಂಬದೊಳಗೆ ಸಿಕ್ಕಿಬಿದ್ದ ರಾಜಕುಮಾರಿಯ ಕಥೆ. ಊರಿನವರೆಲ್ಲ ಕಲ್ಲು ಕಂಬವೆಂದು ದಾಟಿ ಹೋಗುತ್ತಾರೆ, ಒಬ್ಬ ಮಾತ್ರ ನಿಂತು ಕಂಬಕ್ಕೆ ಕಿವಿ ಹಚ್ಚುತ್ತಾನೆ, ಒಳಗೆ ಉಸಿರು ಕೇಳುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಅಜ್ಜಿಗೆ ಜೊಂಪು ಹತ್ತಿರುತ್ತಿತ್ತು. "ಆಮ್ಯಾಲೆ ಹೊರಗ ಬಂದ್ಲೇನು ಅಜ್ಜೀ?" ಅಜ್ಜಿಯದು ಗೊರಕೆಯ ಉತ್ತರ. ಇಷ್ಟು ವರ್ಷವಾದರೂ ಆ ಕಥೆ ಮುಗಿದಿರಲಿಲ್ಲ.

ಈಗ ಗೋದಾಮಿನ ಜಾಗದಲ್ಲಿ ಶಿವಯೋಗೀಶನ ಗಾದಿ ಕಾರ್ಖಾನೆ. ಆಪರೇಶನ್ ಆದ ಮೇಲೆ ಡಾಕ್ಟರು ಮಲಗಿದರೆ ಕುಸಿಯುವ ಸ್ಪಂಜಿನ ಗಾದಿ ಬೇಡ ಅಂದಾಗ, ದಾನವ್ವ ತಾನೇ ಹೋಗಿ ಗಟ್ಟಿಯಾದ ಅರಳೆ ಗಾದಿಗೆ ಹೇಳಿ ಬಂದಿದ್ದಳು. ಯಾರಿಗೆಂದು ಅವನು ಕೇಳಿದಾಗ "ನನ್ನ ಸೊಂಟಕ್ಕಪ್ಪಾ" ಅಂದಿದ್ದಳಂತೆ, ನಾಲ್ಕು ಸಲ ನರಳಿ ಬೇರೆ ತೋರಿಸಿ.

*

ಚಳಿಗಾಲ ಕಳೆಯಿತು. ಗಾಯ ಮಾಯಿತು, ನೋವು ಮಾಯಲಿಲ್ಲ. ಬಾಡಿಗೆಯನ್ನೂ ಕೊಡದೆ ಮನೆಯನ್ನೂ ಬಿಡದೆ ಕೂತ ಬಿಡಾರದವನ ಹಾಗೆ ಅದು ಸೊಂಟದಲ್ಲಿ ಉಳಿದುಬಿಟ್ಟಿತು. ಬೆಳಿಗ್ಗೆ ಅವಳಿಗಿಂತ ಮೊದಲು ಏಳುತ್ತಿತ್ತು. ಥಂಡಿ ಗಾಳಿ ಬೀಸಿದರೆ ಎಡಗಾಲಿನ ಉದ್ದಕ್ಕೂ ಇಳಿಯುತ್ತಿತ್ತು. ಅವಳು ಕೆಲಸ ಮಾಡುವ ಕಾಲೇಜು ಲೈಬ್ರರಿಯಲ್ಲಿ ಯಾರಾದರೂ ಕೆಳಗಿನ ಸಾಲಿನ ಪುಸ್ತಕ ಕೇಳಿದರೆ, "ಅಲ್ಲೇ ಐತಿ ನೋಡ್ರಿ, ತಗೋರಿ" ಎಂದು ಬೆರಳು ತೋರಿಸುತ್ತಿದ್ದಳು. ಅಲ್ಲಿಯೂ ಅವಳಿಗೆ ಸೊಕ್ಕಿನವಳೆಂಬ ಹೆಸರಾಯಿತು.

ವಿದ್ಯಾನಗರದ ಫಿಸಿಯೋಥೆರಪಿಸ್ಟ್ ವಿದ್ಯಾ ಮೇಡಂ ಮಾತ್ರ ಅವಳ ಎದುರು ಎಂದೂ ಅಯ್ಯೋ ಅಂದವರಲ್ಲ. "ಹೊಟ್ಟಿ ಸ್ವಲ್ಪ ಬಿಗಿ ಮಾಡ್ರಿ. ಉಸಿರು ಹಿಡೀಬ್ಯಾಡ್ರಿ. ಹಿಮ್ಮಡಿ ಸರಸ್ರಿ, ಸಾವಕಾಶ."

"ಮೇಡಂ, ಇದು ಪೂರ್ತಿ ಯಾವಾಗ ಹೊಕ್ಕೈತ್ರಿ?"

"ಹೋದ್ರ ಛಲೋ. ಆದ್ರ ಅದು ಹೋಗ್ಲಿ, ಆಮ್ಯಾಲೆ ಬದುಕತೇನಿ ಅಂತ ಕುಂದರಬ್ಯಾಡ್ರಿ. ದಿನಾ ನಡೀರಿ. ನೋವು ಹೆಚ್ಚಾದ್ರ ಕಮ್ಮಿ ನಡೀರಿ, ಆದ್ರ ಬಿಡಬ್ಯಾಡ್ರಿ."

ಹೀಗೆ ಉಣಕಲ್ ಕೆರೆಯ ದಂಡೆಯ ಮೇಲೆ ಅವಳ ಬೆಳಗಿನ ನಡಿಗೆ ಶುರುವಾಯಿತು. ಮೊದಲು ಹತ್ತಿರದ ಬೆಂಚಿನವರೆಗೆ, ಆಮೇಲೆ ಅದರಾಚೆಯ ಮರದವರೆಗೆ.

ಬೇಸಿಗೆಯಲ್ಲಿ ದಾನವ್ವ ಪದ್ಧತಿಯಂತೆ ಮನೆಯ ಗಾದಿಗಳನ್ನೆಲ್ಲ ಹಿಂಜಿಸಲು ಕಳಿಸಿದಳು. ಅವುಗಳ ಜೊತೆ ರಾಜೇಶ್ವರಿ ಮಲಗುವ ಆ ಗಟ್ಟಿ ಗಾದಿಯೂ ಹೋಯಿತು. ಮರುದಿನ ಅದನ್ನು ಹೊತ್ತು ತಂದವನು ಸ್ವತಃ ಶಿವಯೋಗೀಶ. ತೋಳಿನ ಮೇಲೆ, ಹುಬ್ಬಿನ ಮೇಲೆ ಅರಳೆಯ ಎಳೆ. ಹೊರಸಿನ ಮೇಲೆ ಗಾದಿ ಹಾಸಿ, ಅಂಗೈಯಿಂದ ಸವರಿದ.

"ಬಲಗಡೆ ಅಂಚು ಗಟ್ಟಿ ಮಾಡೇನಿ. ಅಜ್ಜಿಗೆ ಹೇಳು."

"ಯಾಕ್ರಿ?" ಎಂದಳು ರಾಜೇಶ್ವರಿ.

"ಇದರ ಮ್ಯಾಲೆ ಮಲಗವ್ರು ಏಳೂ ಮುಂದ ಬಲಕ್ಕ ಹೊರಳಿ, ಮೊಣಕೈ ಊರಿ ಏಳತಾರ. ದಿನಾ ಅಲ್ಲೇ. ಅಲ್ಲಿ ಅರಳಿ ಕುಳಿ ಬಿದ್ದಿತ್ತು." ಅವನು ಅವಳನ್ನು ನೋಡದೆ ಹೊಲಿಗೆಯನ್ನೇ ನೋಡುತ್ತಿದ್ದ. "ಮನಶ್ಯಾ ಹೆಂಗ ಮಲಗ್ತಾನ ಅಂತ ಗಾದಿ ಮರ್ಯೂದಿಲ್ಲ."

ಅಷ್ಟರಲ್ಲಿ ಚಹಾ ಹಿಡಿದು ಬಂದ ದಾನವ್ವನ ಕೈಯಿಂದ ಚಮಚ ಜಾರಿತು. ಮುದುಕಿ ಲಟಕ್ಕನೆ ಎರಡಾಗಿ ಬಗ್ಗಿ, ಹೊರಸಿನ ಕೆಳಗೆ ಕೈ ಹಾಕಿ, ಚಮಚ ಹಿಡಿದು ಎದ್ದು ನಿಂತಳು.

ಶಿವಯೋಗೀಶ ಗಂಭೀರವಾಗಿ ಕೇಳಿದ: "ಸೊಂಟ ಹ್ಯಾಂಗೈತಿ ಅಜ್ಜೀ?"

"ಎಲ್ಲಾ ನಿನ್ನ ಗಾದಿ ಪ್ರತಾಪಪ್ಪಾ!" ಎಂದು ದಾನವ್ವ ಒಳಗೆ ಓಡಿದಳು.

ಮರುದಿನ ಬೆಳಿಗ್ಗೆ ರಾಜೇಶ್ವರಿ ಎಂದಿನಂತೆ ಮೊಣಕಾಲು ಮಡಚಿದಳು, ಮೈಯನ್ನೆಲ್ಲ ಒಟ್ಟಿಗೇ ಬಲಕ್ಕೆ ಹೊರಳಿಸಿದಳು, ಮೊಣಕೈ ಊರಿದಳು. ಅಂಚು ಕುಸಿಯಲಿಲ್ಲ. ಯಾರೋ ಕೆಳಗಿನಿಂದ ಕೈಕೊಟ್ಟು ಹಿಡಿದಂತೆ ಗಟ್ಟಿಯಾಗಿ ನಿಂತಿತು. ಅವಳು ಎದ್ದು ಕೂತು, ಆ ದಪ್ಪ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಸುಮ್ಮನೆ ಅತ್ತಳು. ಆ ಅಳು ನೋವಿನದಾಗಿರಲಿಲ್ಲ.

*

ಕೆರೆಯ ದಂಡೆಯಲ್ಲಿ, ಅವಳ ಬೆಂಚಿನ ಮೇಲೆ ಅವನು ಕೂತಿದ್ದ.

"ದಾನವ್ವಜ್ಜಿ ವಾಕಿಂಗಿಗೆ ಬರ್ತಾಳ ಅಂತ ಕಾಯಾಕತ್ತೇನಿ."

ಅವಳಿಗೆ ನಗು ತಡೆಯಲಾಗಲಿಲ್ಲ. "ಆಕಿ ಬರೂದಿಲ್ಲ್ರಿ. ಸೊಂಟ ಛಲೋ ಆಗೈತಿ."

"ಸಣ್ಣಾಕಿ ಇದ್ದಾಗ 'ಲೇ ಯೋಗ್ಯಾ' ಅಂತಿದ್ದಿ. ಈಗ ರೀ ಹಚ್ಚಿ ದೂರ ಮಾಡಾಕತ್ತಿ ಏನು?"

ಇಬ್ಬರೂ ನಡೆದರು. ಅವನ ಉದ್ದ ಹೆಜ್ಜೆ ತಾನಾಗಿ ಗಿಡ್ಡವಾಯಿತು. ನೀರಿನ ಮೇಲೆ ಬಿಸಿಲು ಆಗಷ್ಟೇ ಕಣ್ಣು ಬಿಡುತ್ತಿತ್ತು.

"ಯಾವಾಗ ಗೊತ್ತಾತು?"

"ಗಾದಿ ಬಿಚ್ಚಿದಾಗ ಖಾತ್ರಿ ಆತು. ಅನುಮಾನ ಬನ್ನಿ ದಿನಾನ ಬಂದಿತ್ತು. ನೀ ಬಗ್ಗಲಿಲ್ಲ ಖರೆ, ನಿನ್ನ ಬೆರಳು ಅವ್ವನ ಕಾಲಿನ ಕಡೆ ಹೊಂಟಿದ್ವು. ಸೊಕ್ಕಿದ್ದವರ ಬೆರಳು ಹಂಗ ಹೊಂಡೂದಿಲ್ಲ."

ಅವಳು ನಿಂತಳು. ಅವನೂ ನಿಂತ.

"ರಾಜೀ, ನಾ ಸುತ್ತಿ ಬಳಸಿ ಮಾತಾಡಾವಲ್ಲ. ಮದಿವಿ ಆಗೂಣು."

ಎಷ್ಟು ವರ್ಷ ಕಾದ ಮಾತು! ಆದರೂ ಅದು ಬಂದಾಗ ಅವಳ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. "ಇದು ಹೋಗೂದಿಲ್ಲ ಯೋಗೀಶ. ಕೆಲವು ದಿನ ಛಲೋ ಇರ್ತೇನಿ, ಕೆಲವು ದಿನ ಗೋಡಿ ಹಿಡಕೊಂಡು ನಡೀತೇನಿ. ತುಂಬಿದ ಕೊಡ ಎತ್ತಾಕ ಆಗೂದಿಲ್ಲ. ನೆಲದ ಮ್ಯಾಲೆ ಕುಂತು ರೊಟ್ಟಿ ಬಡ್ಯಾಕ ಆಗೂದಿಲ್ಲ."

"ನಾ ಬಡೀತೇನಿ."

"ಅರಳಿ ಬಡದಂಗ ಬಡದ್ರ ನಿನ್ನ ರೊಟ್ಟಿ ಹಾರಿ ಹೊಕ್ಕಾವು."

"ಹಾರಿದ್ರ ಎದುರುಮನಿ ಅಂಗಳದಾಗ ಬೀಳ್ತಾವು. ದಾನವ್ವಜ್ಜಿ ಉಣ್ಣಲಿ."

ನಗು ಇಬ್ಬರನ್ನೂ ಸ್ವಲ್ಪ ಹತ್ತಿರ ತಂದಿತು. ಆದರೆ ಅವಳ ಕಣ್ಣು ಮತ್ತೆ ತುಂಬಿದವು. "ನಿಮ್ಮ ಅವ್ವಗ ಸುಳ್ಳು ಹೇಳಿ ಆ ಹೊಸ್ತಿಲಾ ದಾಟೂದಿಲ್ಲ ನಾ."

"ನಾ ಹೇಳತೇನಿ."

"ಬ್ಯಾಡ. ಬಗ್ಗದ ನಿಂತಾಕಿ ನಾನು. ಹೇಳಾಕಿನೂ ನಾನ. ಬನ್ನಿ ದಿನ ಹೇಳತೇನಿ, ಯಾವ ದಿನಾ ಮಾತು ಕೆಟ್ಟಿತೋ ಅದ ದಿನಾ."

"ಅವ್ವ ಒಲ್ಲೆ ಅಂದ್ರ?"

ಅವಳು ಕೆರೆಯತ್ತ ತಿರುಗಿದಳು. "ಅಂದ್ರ ಈ ದಂಡಿ ಮ್ಯಾಲೆ ನಾ ಒಬ್ಬಾಕೀನ ನಡೀತೇನಿ. ನೀ ಬರಬ್ಯಾಡ."

*

ಆ ಮಳೆಗಾಲವೆಲ್ಲ ಅವಳು ಬಗ್ಗುವುದನ್ನು ಕಲಿತಳು. ಬೆನ್ನಿಗೆ ಉದ್ದ ಕೋಲು ಹಿಡಿದು, ತಲೆಯಿಂದ ಸೊಂಟದವರೆಗೆ ಕೋಲು ಬಿಡದಂತೆ, ತೊಡೆಯ ಕೀಲಿನಿಂದ ಮಾತ್ರ ಮುಂದಕ್ಕೆ ಬಾಗುವುದು. "ಇಷ್ಟ ಸಾಕು," ಎನ್ನುತ್ತಿದ್ದರು ವಿದ್ಯಾ ಮೇಡಂ. "ಮೊಣಕಾಲು ಮಟ ಬಂದ್ರಿ. ಪಾದ ಮುಟ್ಟತೇನಿ ಅಂತ ಹಟ ಮಾಡಬ್ಯಾಡ್ರಿ."

ಆದರೆ ಕೈ ಪಾದವನ್ನು ಮುಟ್ಟದಿದ್ದರೆ ಅದೆಂಥ ನಮಸ್ಕಾರ?

ಬನ್ನಿ ಹಬ್ಬಕ್ಕೆ ಮೋಡ ಕವಿದಿತ್ತು. ಬೆಳಗಿನಿಂದಲೇ ಎಡಗಾಲು ಸಿಡಿಯುತ್ತಿತ್ತು. "ನಾಳೆ ಹೋಗವ್ವಾ," ಎಂದಳು ದಾನವ್ವ, ಅಳುಕಿನಿಂದ. ರಾಜೇಶ್ವರಿ ಎಲೆ ಹಿಡಿದು ಓಣಿ ದಾಟಿದಳು. ಅಷ್ಟು ಸಣ್ಣ ಓಣಿ ಆ ದಿನ ಕೆರೆಯಷ್ಟು ಅಗಲವಾಗಿತ್ತು.

ಶರಣವ್ವ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಶಿವಯೋಗೀಶ. "ಬಂದೇನವಾ? ಕೈ ಮುಗದು ಹೋಗಾಕ?"

"ಅತ್ತೀ," ಎಂದಳು ರಾಜೇಶ್ವರಿ. "ಹೋದ ವರ್ಷ ನನ್ನ ಬೆನ್ನಿನ ಆಪರೇಶನ್ ಆಗಿತ್ತು. ಇಲ್ಲಿ. ಸರಳು ಹಾಕ್ಯಾರ. ಬಗ್ಗಬಾರದು ಅಂದಿದ್ರು. ನಿಮಗ ಹೇಳಲಿಲ್ಲ, ಅದು ನಮ್ಮ ತಪ್ಪು. ನೋವು ಇನ್ನೂ ಐತಿ, ಮುಂದೂ ಇರಬಹುದು. ಯೋಗೀಶ ನನ್ನ ಮದಿವಿ ಆಗತೇನಿ ಅಂದಾನ. ಎಲ್ಲಾ ತಿಳಕೊಂಡ ಮ್ಯಾಲೆ ನಿಮ್ಮ ಕೈ ನನ್ನ ತಲಿ ಮ್ಯಾಲೆ ಬಂದ್ರ ಬರಲಿ."

ಕೋಲಿಲ್ಲದಿದ್ದರೂ ಕೋಲಿದ್ದಂತೆ ಬೆನ್ನು ನೆಟ್ಟಗಿಟ್ಟು ಅವಳು ಬಾಗಿದಳು. ಕೈ ಶರಣವ್ವನ ಮೊಣಕಾಲಿಗೆ ಬಂತು. ಅಲ್ಲಿಗೇ ನಿಂತಿತು. ಇನ್ನೊಂದು ಗೇಣು ಇಳಿಯಲು ಹೋದಾಗ ಬಾಯಿಂದ ಸಣ್ಣ ನರಳಿಕೆ ಹೊರಟಿತು.

"ನಿಲ್ಲು!" ಎಂದಳು ಶರಣವ್ವ.

ತಟ್ಟೆಯನ್ನು ಮಗನ ಕೈಗೆ ನೂಕಿ, ಬೆನ್ನು ತಿರುಗಿಸಿದಳು. ರಾಜೇಶ್ವರಿ ನಿಧಾನವಾಗಿ ನೆಟ್ಟಗಾದಳು. ಕಣ್ಣೆದುರು ಕೆರೆಯ ದಂಡೆ ಸುಳಿಯಿತು, ಅದರ ಮೇಲೆ ಒಬ್ಬಳೇ ನಡೆಯುತ್ತಿರುವ ತಾನು.

ಆದರೆ ಶರಣವ್ವ ಒಳಗೆ ಹೋಗಲಿಲ್ಲ. ಮನೆಯ ಮುಂದಿನ ಎತ್ತರದ ಕಲ್ಲುಕಟ್ಟೆಯ ಬಳಿ ಹೋಗಿ, ಕಂಬ ಹಿಡಿದು, ಸೀರೆಯ ನಿರಿಗೆ ಎತ್ತಿ, ಏದುಸಿರು ಬಿಡುತ್ತ ತನ್ನ ಭಾರದ ಮೈಯನ್ನು ಕಟ್ಟೆಯ ಮೇಲೆ ಎಳೆದುಕೊಂಡಳು. ಎದ್ದು ನಿಂತಳು. ಓಣಿಯಲ್ಲಿ ಬಗ್ಗಿದ್ದವರೆಲ್ಲ ಬಗ್ಗಿದಲ್ಲೇ ತಲೆಯೆತ್ತಿ ನೋಡಿದರು.

"ಶರಣೀ, ಬಿದ್ದೀ!" ಎದುರು ಹೊಸ್ತಿಲಿನಿಂದ ದಾನವ್ವ ಕೂಗಿದಳು.

"ಬಿದ್ರ ನನ್ನ ಮಗನ ಗಾದಿ ಅದಾವು! ನೀ ಸುಮ್ಮನಿರು, ನಿನ್ನ ಲೆಕ್ಕಾ ಆಮ್ಯಾಲೆ ತೀರಸ್ತೇನಿ. ಆಪರೇಶನ್ ಆದ ಕೂಸಿಗೆ ಓಣಿ ತುಂಬ ಸೊಕ್ಕಿನಾಕಿ ಅಂದೆನಲ್ಲ ನಾ, ನನಗ ಹಂಗ ಅನ್ನಾಕ ಬಿಟ್ಟಾಕಿ ನೀನ!" ಶರಣವ್ವ ಕಣ್ಣೊರೆಸಿಕೊಂಡು ಕೆಳಗೆ ನೋಡಿದಳು. ಅವಳ ಪಾದಗಳು ಈಗ ರಾಜೇಶ್ವರಿಯ ಸೊಂಟದ ಎತ್ತರಕ್ಕಿದ್ದವು.

"ಹ್ಞಾಂ. ಈಗ ಮುಟ್ಟವಾ. ಬಗ್ಗಬ್ಯಾಡ."

ರಾಜೇಶ್ವರಿ ನಿಂತಂತೆಯೇ ಎರಡೂ ಪಾದ ಮುಟ್ಟಿದಳು. ಬಳೆ ತೊಟ್ಟ ಕೈಯೊಂದು ಮೇಲಿನಿಂದ ಇಳಿದು ಅವಳ ತಲೆಯ ಮೇಲೆ ಕೂತಿತು. ಹೋದ ವರ್ಷ ಗಾಳಿಯಲ್ಲೇ ಉಳಿದಿದ್ದ ಅದೇ ಕೈ.

"ಬಂಗಾರದಂಗ ಇರು," ಎಂದಳು ಶರಣವ್ವ. ಆಮೇಲೆ ಮಗನ ಕಡೆಗೆ, "ಏನ್ ಹಲ್ಲು ಕಿಸೀತಿ? ಏರೂದೇನೋ ಏರಿದೆ, ಇಳಸು ನನ್ನ!"

*

ದೀಪ ಹಚ್ಚುವ ಹೊತ್ತಿಗೆ ದಾನವ್ವ ಮೊಮ್ಮಗಳ ಬೆನ್ನಿಗೆ ಬಿಸಿನೀರಿನ ಚೀಲ ಹಿಡಿದು ಕೂತಿದ್ದಳು.

"ಅಜ್ಜೀ, ಆ ಕಂಬದಾಗಿನ ರಾಜಕುಮಾರಿ ಹೊರಗ ಬಂದ್ಲೇನು?"

ಮುದುಕಿ ಚೀಲವನ್ನು ಒಂದಿಷ್ಟು ಕೆಳಗೆ ಸರಿಸಿದಳು. "ಇಲ್ಲವ್ವಾ. ಆ ಕಂಬನ ಆಕಿ ಜೋಡಿ ನಡ್ಯಾಕ ಕಲೀತು."

ಬಾಗಿಲಲ್ಲಿ ನೆರಳಾಡಿತು. ಶಿವಯೋಗೀಶ ಒಂದು ಬನ್ನಿ ಎಲೆ ಹಿಡಿದು ನಿಂತಿದ್ದ. ಸಂಜೆಯ ಗದ್ದಲದಲ್ಲಿ ಅವರಿಬ್ಬರೂ ಎಲೆ ಕೊಟ್ಟುಕೊಳ್ಳುವುದನ್ನೇ ಮರೆತಿದ್ದರು. ರಾಜೇಶ್ವರಿ ದಿಂಬಿನ ಕೆಳಗೆ ಕೈ ಹಾಕಿ, ಹೋದ ವರ್ಷದ ಒಣ ಎಲೆ ತೆಗೆದು ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ನೋಡಿದ, ಅವಳನ್ನು ನೋಡಿದ. ತನ್ನ ಕೈಯ ಹಸಿ ಎಲೆಯನ್ನು ಅವಳ ಅಂಗೈಯಲ್ಲಿಟ್ಟ.

"ನೋವೈತೇನು?" ಎಂದ.

"ಐತಿ."

"ನಾಳೆ ಕೆರಿಗೆ?"

"ಬರ್ತೇನಿ. ಆದ್ರ ಸಾವಕಾಶ ನಡೀಬೇಕು ಲೇ ಯೋಗ್ಯಾ."

"ನನಗ ಎಲ್ಲಿ ಅವಸರ ಐತಿ?" ಎಂದ ಅವನು.